ದಪ್ಪ ಪುಸ್ತಕ ಮೊದಲೇ ಕೊಟ್ಟು ಕೆಟ್ಟೆ

ಆಫೀಸಿನ ಗೆಳೆಯನೊಬ್ಬನಿಗೆ ರಾಬರ್ಟ್ ಜೋರ್ಡನ್ ಬರೆದ 'ದಿ ಐ ಆಫ್ ದಿ ವರ್ಲ್ಡ್' ಅನ್ನೋ ದಪ್ಪ ಫ್ಯಾಂಟಸಿ (ಮಾಯಾಮಂತ್ರದ ಲೋಕದ) ಕಾದಂಬರಿ ಕೊಟ್ಟಿದ್ದೆ. 1990ರ ಪುಸ್ತಕ, ನನಗಂತೂ ಪ್ರಾಣ. ಮೂರು ತಿಂಗಳಾದ ಮೇಲೆ ವಾಪಸ್ ಬಂತು. ಬಿಚ್ಚಿ ನೋಡಿದರೆ 43ನೇ ಪುಟದಲ್ಲಿ ಶ್ರೀರಂಗಪಟ್ಟಣ–ಮೈಸೂರು ಬಸ್ ಟಿಕೆಟ್. ಪುಣ್ಯಾತ್ಮ ಅಲ್ಲಿಗೇ ನಿಲ್ಲಿಸಿದ್ದ. ಕೊಡುವಾಗ ನಾನು ಬೇರೆ "ಇನ್ನೂ 13 ಭಾಗ ಇದೆ ಕಣೋ" ಅಂತ ಹಿಗ್ಗಿನಿಂದ ಹೇಳಿದ್ದೆ. ಯಾರಿಗೆ ತಾನೇ ಓದಬೇಕು ಅನ್ನಿಸುತ್ತೆ?

ಆಮೇಲೆ ನನ್ನ ಇಷ್ಟ ಪಕ್ಕಕ್ಕಿಟ್ಟೆ. ಈಗ ಪುಸ್ತಕ ಕೊಡುವ ಮೊದಲು "ಯಾವ ಕಥೆ ಓದಿ ನಿದ್ದೆಗೆಟ್ಟಿದ್ದೀರಿ?" ಅಂತ ಕೇಳುತ್ತೇನೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ವಾಕಿಂಗ್‌ಗೆ ಸಿಗುವ ರಿಟೈರ್ಡ್ ಇಂಗ್ಲಿಷ್ ಮೇಡಂ ಒಬ್ಬರಿದ್ದಾರೆ. ಅವರು "ಚಂದಮಾಮದ ಬೇತಾಳ ಬಿಟ್ಟರೆ ಮಾಯಾಮಂತ್ರ ಏನೂ ಓದಿಲ್ಲಪ್ಪ" ಅಂದರು. ಅರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಕೊಟ್ಟೆ. 1968ರದ್ದು, ಸುಮಾರು 200 ಪುಟ. ಗೆಡ್ ಅನ್ನೋ ಹುಡುಗ ಮಂತ್ರವಿದ್ಯೆ ಕಲಿಯುತ್ತಾ, ಜಂಬ ತೋರಿಸಲು ಹೋಗಿ ಒಂದು ಕಪ್ಪು ನೆರಳನ್ನು ಎಬ್ಬಿಸಿಬಿಡುತ್ತಾನೆ, ಅದು ಅವನ ಬೆನ್ನು ಬೀಳುತ್ತದೆ. ದೊಡ್ಡ ಯುದ್ಧಗಿದ್ಧ ಇಲ್ಲ. ಅಲ್ಲಿನ ಮಂತ್ರವೆಲ್ಲ ಹೆಸರಿನಲ್ಲಿದೆ: ಒಂದರ ನಿಜವಾದ ಹೆಸರು ಗೊತ್ತಾದರೆ ಅದು ನಿಮ್ಮ ಕೈಗೆ ಸಿಕ್ಕಂತೆ, ಹಾಗಾಗಿ ಜನ ತಮ್ಮ ಹೆಸರನ್ನು ತೀರಾ ನಂಬಿದವರಿಗೆ ಮಾತ್ರ ಹೇಳುತ್ತಾರೆ.

ಮೇಡಂ ನಾಲ್ಕೇ ದಿನಕ್ಕೆ ಮುಗಿಸಿ ತಂದರು. "ನಮ್ಮಜ್ಜಿ ಸಾಯೋವರೆಗೂ ತಾತನ ಹೆಸರು ಬಾಯಲ್ಲಿ ಹೇಳಲಿಲ್ಲ. ಅದೂ ಹೀಗೇ ಏನೋ, ಅಲ್ವಾ?" ಅಂದರು. ಅಷ್ಟು ಸಲ ಓದಿದ್ದ ನನಗೆ ಇದು ಹೊಳೆದೇ ಇರಲಿಲ್ಲ.

'ಗೇಮ್ ಆಫ್ ಥ್ರೋನ್ಸ್' ಸರಣಿ ಬರೆದ ಜಾರ್ಜ್ ಮಾರ್ಟಿನ್ ಬೇಕು ಅಂದವರಿಗೆ ಮಾತ್ರ ಮೊದಲೇ ಎಚ್ಚರಿಸುತ್ತೇನೆ: ಐದನೇ ಪುಸ್ತಕ ಬಂದಿದ್ದು 2011ರಲ್ಲಿ, ಆರನೆಯದಕ್ಕೆ ಇನ್ನೂ ಕಾಯುತ್ತಿದ್ದೇವೆ, ಆಮೇಲೆ ನನ್ನನ್ನು ಬೈಯಬೇಡಿ.

ಬಸ್ ಟಿಕೆಟ್ ಗೆಳೆಯನಿಗೆ ಪೊಲೀಸ್ ಕಥೆ, ತಮಾಷೆ ಎರಡೂ ಇಷ್ಟ ಅಂತ ತಡವಾಗಿ ಗೊತ್ತಾಯಿತು. ಟೆರ್ರಿ ಪ್ರ್ಯಾಚೆಟ್ ಅವರ ತಮಾಷೆಯ ಫ್ಯಾಂಟಸಿ ಸರಣಿ ಡಿಸ್ಕ್‌ವರ್ಲ್ಡ್‌ನಲ್ಲಿ 41 ಕಾದಂಬರಿ ಇವೆ, ಆದರೆ ಬರೆದ ಕ್ರಮದಲ್ಲೇ ಓದಬೇಕು ಅಂತಿಲ್ಲ, ಸದ್ಯ. 1989ರ 'ಗಾರ್ಡ್ಸ್! ಗಾರ್ಡ್ಸ್!' ಕೊಟ್ಟೆ. ಊರಿಗೆ ಡ್ರ್ಯಾಗನ್ ನುಗ್ಗಿದೆ, ಅದನ್ನು ಹಿಡಿಯಬೇಕಾದ ರಾತ್ರಿ ಪಾಳಿಯ ಕ್ಯಾಪ್ಟನ್ ಕುಡಿದು ಚರಂಡಿಯಲ್ಲಿ ಬಿದ್ದಿರೋ ಗಿರಾಕಿ. ಮೊನ್ನೆ ಕ್ಯಾಂಟೀನಿನಲ್ಲಿ ಇವನು ಕಾಫಿ ಆರಿಸಿಕೊಂಡು ಒಬ್ಬನೇ ನಗುತ್ತಾ ಕೂತಿದ್ದ. ಕದ್ದು ನೋಡಿದೆ, ಟಿಕೆಟ್ 200ನೇ ಪುಟ ದಾಟಿತ್ತು.