ಜೋಳಕ್ಕೆ ಮೊದಲು ಸೆಣಬು: ಕತ್ತರಿಸುವ ಹೊತ್ತೇ ಮುಖ್ಯ

ಜೋಳ ಬಿತ್ತುವ ಮೊದಲು ಹೊಲವನ್ನು ಸುಮ್ನೆ ಖಾಲಿ ಬಿಡುವುದನ್ನು ನಾನು ನಿಲ್ಲಿಸಿದ್ದೇನೆ. ಮೊದಲ ಹದ ಮಳೆ ಬಿದ್ದ ಕೂಡಲೇ, ಬೆಳೆಸಿ ಮಣ್ಣಿಗೇ ಸೇರಿಸುವ ಹಸಿರೆಲೆ ಗೊಬ್ಬರವಾಗಿ ಸೆಣಬು (ಸನ್ ಹೆಂಪ್) ಎರಚಿ, ಹಗುರವಾಗಿ ಕುಂಟೆ ಹೊಡೆಯುತ್ತೇನೆ. ಬೀಜಕ್ಕೆ ಜಿಪುಣತನ ಬೇಡ. ದಟ್ಟವಾಗಿ ಹಾಕಿದರೆ ಗಿಡ ತೆಳ್ಳಗೆ ನೆಟ್ಟಗೆ ಏಳುತ್ತೆ, ಕೆಳಗೆ ಬಿಸಿಲು ಬೀಳದೆ ಕಳೆ ತಲೆ ಎತ್ತುವುದಿಲ್ಲ. ತೆಳುವಾಗಿ ಹಾಕಿದರೆ ಕವಲೊಡೆದು ಕಾಂಡ ದಪ್ಪವಾಗುತ್ತೆ, ಆಮೇಲೆ ಬೇಗ ಕೊಳೆಯುವುದಿಲ್ಲ.

ಒಂದು ತಿಂಗಳಾದ ಮೇಲೆ ಒಂದೆರಡು ಗಿಡ ಅಗೆದು ನೋಡುತ್ತೇನೆ. ಕೀಳಬೇಡಿ, ಕಿತ್ತರೆ ಬೇರಿನ ಗಂಟುಗಳು ಮಣ್ಣಲ್ಲೇ ಉಳಿಯುತ್ತವೆ. ಗಂಟನ್ನು ಉಗುರಲ್ಲಿ ಸೀಳಿದಾಗ ಒಳಗೆ ಗುಲಾಬಿ ಬಣ್ಣ ಕಂಡರೆ ಗಂಟಿನೊಳಗಿರುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿದೆ, ಗಾಳಿಯ ಸಾರಜನಕ ಗಿಡಕ್ಕೆ ಸಿಗುತ್ತಿದೆ ಅಂತ ಅರ್ಥ. ಬಿಳಿಯೋ ಹಸಿರೋ ಇದ್ದರೆ ಇಲ್ಲ. ಸೆಣಬನ್ನೇ ಕಾಣದ ಹೊಲವಾದರೆ ಬೀಜಕ್ಕೆ ರೈಜೋಬಿಯಂ ಹಚ್ಚಿಯೇ ಬಿತ್ತಿ.

ಇನ್ನು ಕತ್ತರಿಸುವ ಹೊತ್ತು. ಎಲ್ಲಾ ನಿಂತಿರುವುದೇ ಇದರ ಮೇಲೆ. ಗಿಡ ದೊಡ್ಡದಾದಷ್ಟೂ ಗೊಬ್ಬರ ಜಾಸ್ತಿ ಅಲ್ವಾ ಅಂತ ಕಾಯಿ ಕಟ್ಟುವ ತನಕ ಬಿಡುವವರಿದ್ದಾರೆ. ಆದರೆ ಕಾಯಿ ಕಟ್ಟಿದರೆ ಸಾರಜನಕ ಬೀಜಕ್ಕೆ ಹೋಗುತ್ತೆ, ಕಾಂಡ ನಾರಾಗುತ್ತೆ, ಆ ನಾರನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಲ್ಲಿರುವ ಸಾರಜನಕವನ್ನೇ ಎಳೆದುಕೊಂಡು ಜೋಳದ ಸಸಿ ಹಳದಿಯಾಗಿ ನಿಂತುಬಿಡುತ್ತೆ. ಹಾಗಾಗಿ 45ರಿಂದ 50 ದಿನಕ್ಕೆ, ಹೂ ಶುರುವಾಗುತ್ತಿದ್ದಂತೆ, ನಾನು ಕಾಂಡ ಬಗ್ಗಿಸಿ ನೋಡುತ್ತೇನೆ. ಪಟ್ಟನೆ ಮುರಿದರೆ ಸರಿ. ನಾರು ಹಿಡಿದು ನೇತಾಡಿದರೆ ಹೊತ್ತು ಮೀರಿತು. ಮಣ್ಣಿಗೆ ಸೇರಿಸಿ, ಎರಡು ಮೂರು ವಾರ ಕೊಳೆಯಲು ಬಿಟ್ಟು ಜೋಳ ಬಿತ್ತುತ್ತೇನೆ.

ಹೋಲಿಸಿ ನೋಡಲು ಒಂದು ಪಟ್ಟಿಯನ್ನು ಸೆಣಬಿಲ್ಲದೆ ಬಿಡುತ್ತೇನೆ, ನೀವೂ ಬಿಡಿ. ಮಳೆ ತಡವಾದಾಗ ಆ ಪಟ್ಟಿಯ ಜೋಳ ಮಧ್ಯಾಹ್ನದೊಳಗೇ ಎಲೆ ಸುರುಳಿ ಸುತ್ತಿಕೊಳ್ಳುತ್ತೆ, ಪಕ್ಕದ್ದು ಎಲೆ ಬಿಚ್ಚಿಕೊಂಡೇ ಇರುತ್ತೆ. ತೆನೆ ಕೈಯಲ್ಲಿ ಹಿಡಿದರೂ ತೂಕದ ವ್ಯತ್ಯಾಸ ಗೊತ್ತಾಗುತ್ತೆ. ಹಾಗಂತ ಯೂರಿಯಾ ಒಂದೇ ಸಲಕ್ಕೆ ನಿಲ್ಲಿಸಬೇಡಿ. ಸೆಣಬಿನ ಸಾರಜನಕವೆಲ್ಲ ಮೊದಲ ಬೆಳೆಗೇ ಸಿಗುವುದಿಲ್ಲ. ಎಲೆಯ ಬಣ್ಣ ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಇಳಿಸಿ.

ಮಳೆ ಕೈಕೊಡುವ ಲಕ್ಷಣ ಕಂಡರೆ ಹೂವಿಗೂ ಕಾಯಬೇಡಿ. ಸೆಣಬೂ ನೀರು ಕುಡಿಯುತ್ತೆ. 35 ದಿನಕ್ಕೇ ಕತ್ತರಿಸಿ ಮೇಲೆ ಹಾಸಿಬಿಟ್ಟರೆ, ಇರುವ ತೇವವಾದರೂ ಜೋಳಕ್ಕೆ ಉಳಿಯುತ್ತೆ.