ಮಿಕ್ಸರ್ ನಾಬ್ ಮುಟ್ಟದೆ ಮಿಕ್ಸ್ ಮಾಡುವುದು

ಮಾಡ್ಯುಲರ್ ಸಿಂಥ್ ಅಂದರೆ ಬಿಡಿ ಬಿಡಿ ಮಾಡ್ಯೂಲುಗಳನ್ನು ಕೇಬಲ್‌ನಲ್ಲಿ ಜೋಡಿಸಿ ನುಡಿಸುವ ಎಲೆಕ್ಟ್ರಾನಿಕ್ ವಾದ್ಯ. ಅದರ ಹುಚ್ಚು ಹಿಡಿದವರು ಮೊದಲು ದನಿ ಹುಟ್ಟಿಸುವ ಆಸಿಲೇಟರ್ ಕೊಳ್ಳುತ್ತಾರೆ. ಆಮೇಲೆ ಫಿಲ್ಟರ್, ಆಮೇಲೆ ಇನ್ನೊಂದು ಆಸಿಲೇಟರ್. ಮಿಕ್ಸರ್ ನೆನಪಾಗುವುದು ಕೊನೆಗೆ. ನನ್ನನ್ನು ಕೇಳಿದರೆ, ಒಂದು ಆಸಿಲೇಟರ್ ಕಮ್ಮಿಯಾದರೂ ಪರವಾಗಿಲ್ಲ, ವೋಲ್ಟೇಜ್‌ನಿಂದ ಆಡಿಸಬಹುದಾದ ಮಿಕ್ಸರ್ ಒಂದಿರಲೇಬೇಕು.

ಇದರಲ್ಲಿ ಪ್ರತಿ ಚಾನೆಲ್ಲಿಗೂ ಒಂದು ವಿಸಿಎ (ವೋಲ್ಟೇಜ್ ಹೇಳಿದಂತೆ ಕೇಳುವ ಆಂಪ್ಲಿಫೈಯರ್) ಇರುತ್ತದೆ. ವಾಲ್ಯೂಮ್ ಏರಿಸಿ ಇಳಿಸುವ ಕೆಲಸವನ್ನು ನಮ್ಮ ಕೈ ಬದಲು ಇನ್ನೊಂದು ಮಾಡ್ಯೂಲಿನಿಂದ ಬರುವ ವೋಲ್ಟೇಜ್ ಮಾಡುತ್ತದೆ. ನನ್ನ ಹತ್ತಿರ ಇರುವುದು ಇಂಟೆಲಿಜೆಲ್ ಕಂಪನಿಯ ನಾಲ್ಕು ಚಾನೆಲ್ಲಿನ ಕ್ವಾಡ್ ವಿಸಿಎ, ಯೂರೋರ್ಯಾಕ್ ಎಂಬ ಮಾಡ್ಯೂಲ್ ಅಳತೆಯದ್ದು.

ನಾನು ಇದನ್ನು ಜಾಸ್ತಿ ಬಳಸುವುದು ಡ್ರೋನ್, ಅಂದರೆ ತಂಬೂರಿಯ ಹಾಗೆ ನಿಂತೇ ಇರುವ ಶ್ರುತಿ ಕಟ್ಟಲು. ಒಂದು ಚಾನೆಲ್ಲಿಗೆ ಮಧ್ಯ ಷಡ್ಜ, ಇನ್ನೊಂದಕ್ಕೆ ಪಂಚಮ, ಮೂರನೆಯದಕ್ಕೆ ಮಂದ್ರ ಷಡ್ಜ, ನಾಲ್ಕನೆಯದಕ್ಕೆ ಫಿಲ್ಟರ್‌ನಲ್ಲಿ ಸೋಸಿದ ನಾಯ್ಸ್. ಪಂಚಮವನ್ನು ಕೀಬೋರ್ಡ್ ಲೆಕ್ಕದ 7 ಸೆಮಿಟೋನಿಗೆ ಇಡುವುದಿಲ್ಲ. ಷಡ್ಜದ ಜೊತೆ ನುಡಿಸಿ, ಅಲೆ ಅಲೆಯಾಗಿ ಕೇಳುವುದು ನಿಲ್ಲುವವರೆಗೆ ಕಿವಿಯಲ್ಲೇ ಶ್ರುತಿ ಸೇರಿಸುತ್ತೇನೆ. ಆಗ ಕಂಪನಗಳ 3:2 ಅನುಪಾತ ಸಿಗುತ್ತದೆ. ವ್ಯತ್ಯಾಸ ಬರೀ 2 ಸೆಂಟ್ (ಒಂದು ಸೆಮಿಟೋನಿನ ನೂರರಲ್ಲಿ ಎರಡು ಭಾಗ), ನಿಜ. ಆದರೆ ಒಂದೇ ಸ್ವರ ನಿಮಿಷಗಟ್ಟಲೆ ನಿಂತಾಗ ಅಷ್ಟೂ ಕೇಳಿಸುತ್ತದೆ.

ಈಗ ಇವನ್ನು ಆಡಿಸಲು ಎಲ್‌ಎಫ್‌ಒ ಬೇಕು. ಅದು ಕಿವಿಗೆ ಕೇಳದಷ್ಟು ನಿಧಾನವಾಗಿ ಏರಿಳಿಯುವ ವೋಲ್ಟೇಜ್ ಕೊಡುವ ಆಸಿಲೇಟರ್. ಒಂದು ವಿಷಯ ಗೊತ್ತಿರಲಿ: ಎಲ್‌ಎಫ್‌ಒ ಸಾಮಾನ್ಯವಾಗಿ ಸೊನ್ನೆಯ ಮೇಲೂ ಕೆಳಗೂ ಓಡಾಡುತ್ತದೆ. ವಿಸಿಎಗೆ ಸೊನ್ನೆಯ ಕೆಳಗಿನ ವೋಲ್ಟೇಜ್ ಬಂದರೆ ಅದು ಸುಮ್ನೆ ಮುಚ್ಚಿಕೊಂಡಿರುತ್ತದೆ. ಹಾಗೇ ಸಿಕ್ಕಿಸಿದರೆ ಅರ್ಧ ಸುತ್ತು ದನಿಯೇ ಇರುವುದಿಲ್ಲ. ಅದಕ್ಕೇ ಚಾನೆಲ್ಲಿನ ಲೆವೆಲ್ ನಾಬನ್ನು ಮೊದಲೇ ಅರ್ಧಕ್ಕೆ ಎತ್ತಿಡಬೇಕು. ಚಾನೆಲ್ ಪೂರ್ತಿ ತೆರೆಯಲು 5 ವೋಲ್ಟ್ ಬೇಕು ಅಂದುಕೊಳ್ಳಿ. ಲೆವೆಲ್ 2.5ರ ಲೆಕ್ಕಕ್ಕೆ, ಎಲ್‌ಎಫ್‌ಒ ಮೇಲೆ 2.5, ಕೆಳಗೆ 2.5 ಬರುವ ಹಾಗೆ ಅಟೆನ್ಯುಯೇಟರ್ (ಬರುವ ವೋಲ್ಟೇಜನ್ನು ಕುಗ್ಗಿಸುವ ನಾಬ್) ತಗ್ಗಿಸಿ. ಆಗ ದನಿ ಪೂರ್ತಿ ಮುಚ್ಚಿ ಪೂರ್ತಿ ತೆರೆಯುತ್ತದೆ.

ಎರಡೇ ದನಿ ಇದ್ದರೆ ಒಂದಕ್ಕೆ ಎಲ್‌ಎಫ್‌ಒ, ಇನ್ನೊಂದಕ್ಕೆ ಅದನ್ನೇ ತಲೆಕೆಳಗಾಗಿ ಇನ್ವರ್ಟ್ ಮಾಡಿ ಕೊಟ್ಟರೆ ಒಂದು ಇಳಿಯುತ್ತಾ ಇನ್ನೊಂದು ಏರುವ ಕ್ರಾಸ್‌ಫೇಡ್ ಆಯಿತು. ಆದರೆ ನಡುವೆ ಒಂದು ತಗ್ಗು ಬರುತ್ತದೆ. ಎರಡೂ ಅರ್ಧದಲ್ಲಿದ್ದಾಗ ಬೇರೆ ಬೇರೆ ದನಿಗಳ ಒಟ್ಟು ಶಕ್ತಿ 3 ಡೆಸಿಬೆಲ್ ಇಳಿದಿರುತ್ತದೆ. ಮಜಾ ಇರುವುದು ನಾಲ್ಕರಲ್ಲಿ. ಡೋಪ್ಫರ್ ಎ-143-9 ತರಹದ ಕ್ವಾಡ್ರೇಚರ್ ಎಲ್‌ಎಫ್‌ಒ ಒಂದೇ ಸೈನ್ ಅಲೆಯನ್ನು 0, 90, 180, 270 ಡಿಗ್ರಿಗಳಲ್ಲಿ ಕೊಡುತ್ತದೆ. ಈ ನಾಲ್ಕನ್ನೂ ನಾಲ್ಕು ಚಾನೆಲ್ಲಿಗೆ ಸಿಕ್ಕಿಸಿದರೆ ದನಿಗಳು ಗುಡಿ ಸುತ್ತುವ ಪಲ್ಲಕ್ಕಿಯ ಹಾಗೆ ಒಂದಾದ ಮೇಲೊಂದು ಮುಂದೆ ಬಂದು ಹೋಗುತ್ತವೆ. ಒಂದು ಪೂರ್ತಿ ತೆರೆದಾಗ ಅದರ ಎದುರಿನದು ಪೂರ್ತಿ ಮುಚ್ಚಿರುತ್ತದೆ, ಪಕ್ಕದ ಎರಡು ಅರ್ಧದಲ್ಲಿರುತ್ತವೆ. ಲೆಕ್ಕ ಹಾಕಿ ನೋಡಿ, ಒಟ್ಟು ಶಕ್ತಿ ಸುತ್ತಿನುದ್ದಕ್ಕೂ ಒಂದೇ ಇರುತ್ತದೆ. ತಗ್ಗೇ ಇಲ್ಲ! ನಾನು ಒಂದು ಸುತ್ತಿಗೆ ಒಂದು ನಿಮಿಷದ ಆಸುಪಾಸು ಇಡುತ್ತೇನೆ. ಅದಕ್ಕಿಂತ ಚುರುಕಾದರೆ ಟ್ರೆಮೊಲೊ (ದನಿಯ ನಡುಕ) ಇರಬೇಕೇನೋ ಅನ್ನಿಸಿಬಿಡುತ್ತದೆ.

ಈ ಲೆಕ್ಕವೆಲ್ಲ ಲೀನಿಯರ್ ರೆಸ್ಪಾನ್ಸ್ (ವೋಲ್ಟೇಜ್ ಅರ್ಧವಾದರೆ ದನಿಯ ಅಲೆಯೂ ಅರ್ಧ) ಇದ್ದಾಗ ಮಾತ್ರ. ರೆಸ್ಪಾನ್ಸ್ ನಾಬನ್ನು ಎಕ್ಸ್‌ಪೊನೆನ್ಷಿಯಲ್ ಕಡೆ ತಿರುಗಿಸಿದರೆ ಅರ್ಧ ವೋಲ್ಟೇಜಿಗೆ ದನಿ ತುಂಬಾ ಕೆಳಗಿರುತ್ತದೆ, ನಡುವೆ ಖಾಲಿ ಖಾಲಿ. ತಂತಿ ಮೀಟಿದಂಥ ದನಿಗೆ ಎನ್ವಲಪ್ (ಒಂದು ಸ್ವರ ಎದ್ದು ಇಳಿಯುವ ಆಕಾರ) ಕೊಡುವಾಗ ಎಕ್ಸ್‌ಪೊನೆನ್ಷಿಯಲ್ ಚೆನ್ನಾಗಿರುತ್ತದೆ, ಅಲ್ಲಿಗೆ ಇಟ್ಟುಕೊಳ್ಳಿ.

ಇನ್ನೊಂದು ಲಾಭ. ಯೂರೋರ್ಯಾಕ್‌ನಲ್ಲಿ ಒಂದು ಆಸಿಲೇಟರಿನ ದನಿ ಸುಮಾರು 5 ವೋಲ್ಟ್ ಮೇಲೆ, 5 ವೋಲ್ಟ್ ಕೆಳಗೆ ಹೋಗುತ್ತದೆ. ನಾಲ್ಕನ್ನೂ ಪೂರ್ತಿ ತೆರೆದು ಕೂಡಿಸಿದರೆ 20 ವೋಲ್ಟ್ ಮುಟ್ಟಬೇಕು. ವಿದ್ಯುತ್ ಸಿಗುವುದೇ ಪ್ಲಸ್ 12, ಮೈನಸ್ 12. ಹಾಗಾಗಿ ಅಲೆಯ ತಲೆ ಕತ್ತರಿಸಿ ಹೋಗಿ ಒರಟಾಗುತ್ತದೆ. ಮೇಲೆ ಹೇಳಿದ ಸುತ್ತುವ ಪ್ಯಾಚ್‌ನಲ್ಲಿ (ಕೇಬಲ್ ಜೋಡಣೆಯಲ್ಲಿ) ಒಟ್ಟು ತೆರೆದಿರುವುದು ಯಾವಾಗಲೂ ಎರಡು ಚಾನೆಲ್ಲಿನಷ್ಟು. ತೀರಾ ಕೆಟ್ಟ ಗಳಿಗೆಯಲ್ಲೂ 10 ವೋಲ್ಟಿನೊಳಗೇ ಉಳಿಯುತ್ತದೆ. ಒರಟು ಇಷ್ಟವಾದರೆ ದನಿ ಇನ್ನೂ ಏರಿಸುವ ಬೂಸ್ಟ್ ಒತ್ತಿ, ಯಾರೂ ಬೇಡ ಅನ್ನುವುದಿಲ್ಲ.

ಇದು ಡಿಸಿ ಕಪಲ್ ಆದ ಮಿಕ್ಸರ್. ಅಂದರೆ ದನಿಯಷ್ಟೇ ಅಲ್ಲ, ನಿಧಾನದ ವೋಲ್ಟೇಜ್ ಕೂಡ ಒಳಗೆ ಹಾಕಬಹುದು. ಡ್ರೋನ್ ಬೇಡವಾದ ದಿನ ಎರಡು ಎಲ್‌ಎಫ್‌ಒ ಮತ್ತು ಒಂದು ರ್ಯಾಂಡಮ್ ವೋಲ್ಟೇಜನ್ನು ಇದರಲ್ಲಿ ಬೆರೆಸಿ ಫಿಲ್ಟರಿನ ಕಟಾಫ್‌ಗೆ (ಎಲ್ಲಿಂದ ಸೋಸಬೇಕು ಅನ್ನುವ ಗಡಿಗೆ) ಕೊಡುತ್ತೇನೆ. ಕೊನೆಯ ಚಾನೆಲ್ಲಿನ ಔಟ್‌ನಲ್ಲಿ ಎಲ್ಲವೂ ಕೂಡಿ ಬರುತ್ತದೆ. ಆದರೆ ಎರಡನೆಯ ಔಟಿಗೆ ಕೇಬಲ್ ಸಿಕ್ಕಿಸಿದರೆ ಒಂದು ಮತ್ತು ಎರಡು ಅಲ್ಲೇ ಹೊರಗೆ ಹೋಗುತ್ತವೆ, ಕೊನೆಯಲ್ಲಿ ಮೂರು, ನಾಲ್ಕು ಮಾತ್ರ ಉಳಿಯುತ್ತವೆ. ಎಡ ಬಲ ಸ್ಪೀಕರಿಗೆ ಎರಡೆರಡು ದನಿ ಹಂಚಲು ಇದೇ ಸುಲಭದ ದಾರಿ.

ಹಾರ್ಡ್‌ವೇರ್ ಇಲ್ಲದವರು ಕಂಪ್ಯೂಟರಿನಲ್ಲೇ ಮಾಡ್ಯುಲರ್ ಸಿಂಥ್ ಆಡಿಸುವ ವಿಸಿವಿ ರ್ಯಾಕ್ ಇಳಿಸಿಕೊಳ್ಳಿ, ಉಚಿತ ಆವೃತ್ತಿ ಸಾಕು. ಅದರ ಆಡಿಬಲ್ ಇನ್‌ಸ್ಟ್ರುಮೆಂಟ್ಸ್ ಸಂಗ್ರಹದಲ್ಲಿ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್‌ನ ವೇಲ್ಸ್ ಎಂಬ ವಿಸಿಎ ಇದೆ, ಅದೂ ನಾಲ್ಕು ಚಾನೆಲ್ಲಿನದೇ. ಮೊದಲು ಎರಡು ಚಾನೆಲ್ಲಿನ ಕ್ರಾಸ್‌ಫೇಡ್ ಮಾಡಿ ಆ ತಗ್ಗನ್ನು ಕೇಳಿಸಿಕೊಳ್ಳಿ. ಆಮೇಲೆ ನಾಲ್ಕಕ್ಕೆ ಹೋಗಿ.