ಮಲಗಿಸಿದ ಬ್ಯಾರಲ್, ನಿಲ್ಲಿಸಿದ ಬ್ಯಾರಲ್: ಗೋವಾದ ಹಿತ್ತಲಲ್ಲಿ ನನ್ನ ಎರಡು ಸ್ಮೋಕರ್‌ಗಳು

ಮಡಗಾಂವ್ ಹತ್ತಿರದ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಎರಡು ಬ್ಯಾರಲ್‌ಗಳಿವೆ. ಎರಡೂ 200 ಲೀಟರಿನವು, ಎರಡೂ ಸ್ಮೋಕರ್, ಅಂದರೆ ಮಾಂಸ, ಮೀನನ್ನು ಬಿಸಿ ಗಾಳಿ ಮತ್ತು ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಒಲೆ. ಒಂದು ನಾಲ್ಕು ಕಾಲಿನ ಮೇಲೆ ಅಡ್ಡ ಮಲಗಿದೆ. ಇನ್ನೊಂದು ಮೂರು ಇಟ್ಟಿಗೆಯ ಮೇಲೆ ನೆಟ್ಟಗೆ ನಿಂತಿದೆ. ಮೂರು ವರ್ಷದಿಂದ ಹೆಚ್ಚುಕಮ್ಮಿ ಪ್ರತಿ ವಾರ ಇವುಗಳಲ್ಲಿ ಒಂದರಲ್ಲಿ ಹೊಗೆ ಏಳುತ್ತದೆ. ಕಾರವಾರ, ಅಂಕೋಲೆಯಿಂದ ಬರುವ ಗೆಳೆಯರು ಊಟ ಮಾಡಿ ಕೈ ತೊಳೆಯುವಾಗ ಕೇಳುವ ಪ್ರಶ್ನೆ ಒಂದೇ: ನಾವೂ ಒಂದು ಮಾಡಿಸಬೇಕು, ಯಾವುದು ಮಾಡಿಸೋಣ? ನಾನು ಹೇಳುವುದು, ನಮ್ಮ ಕರಾವಳಿಯಲ್ಲಿ ಮೊದಲು ನಿಂತದ್ದನ್ನು ಮಾಡಿಸಿ. ಆದರೆ ನಾನು ಮೊದಲು ಮಾಡಿಸಿದ್ದು ಮಲಗಿದ್ದನ್ನು. ಬೆಂಕಿ ಕಾಯುವುದನ್ನು ಕಲಿತದ್ದೂ ಅದರಲ್ಲೇ.

ಅಡ್ಡ ಸ್ಮೋಕರ್ ಅಂದರೆ ಅಮೆರಿಕದ ಟೆಕ್ಸಾಸ್ ಕಡೆಯವರು ಬಳಸುವ ಮಾದರಿ. ಒಂದು ತುದಿಯಲ್ಲಿ, ಸ್ವಲ್ಪ ಕೆಳಗೆ, ಬೆಂಕಿಯ ಪೆಟ್ಟಿಗೆ. ಇನ್ನೊಂದು ತುದಿಯಲ್ಲಿ ಚಿಮಣಿ. ನಡುವೆ ಮಾಂಸ. ಬೆಂಕಿ ಮಾಂಸದ ಕೆಳಗೆ ಇರುವುದೇ ಇಲ್ಲ, ಬಿಸಿ ಗಾಳಿ ಮತ್ತು ಹೊಗೆ ಪಕ್ಕದಿಂದ ಬಂದು ಮಾಂಸವನ್ನು ಸವರಿಕೊಂಡು ಹೋಗುತ್ತವೆ. ಅಲ್ಲಿ ಹಳೆಯ ಪ್ರೊಪೇನ್ ಟ್ಯಾಂಕ್‌ಗಳನ್ನೇ ಮಲಗಿಸಿ ಇದನ್ನು ಮಾಡಿಕೊಳ್ಳುತ್ತಾರೆ. ನನಗೆ ಸಿಕ್ಕಿದ್ದು ಹಣ್ಣಿನ ಪಲ್ಪ್ ತುಂಬಿ ಬಂದಿದ್ದ ಬ್ಯಾರಲ್.

ಅದನ್ನು ಹೊತ್ತುಕೊಂಡು ಝುವಾರಿನಗರಕ್ಕೆ ಹೋದೆ. ಅಲ್ಲಿ ಬಾಗಲಕೋಟೆ ಕಡೆಯ ವೆಲ್ಡರ್ ಒಬ್ಬರಿದ್ದಾರೆ, ನಾನು ಕಾಕಾ ಅನ್ನುತ್ತೇನೆ. ಮಾಂಸ ಇಡಲು ಅಂಗಡಿಯಿಂದ ಹೊಳೆಯುವ ಜಿ.ಐ. (ಸತು ಬಳಿದ ಕಬ್ಬಿಣ) ಜಾಳಿಗೆಯನ್ನೂ ಕೊಂಡು ಹೋಗಿದ್ದೆ. ಕಾಕಾ ಅದನ್ನು ನೋಡಿ ಪಕ್ಕಕ್ಕೆ ಎತ್ತಿಟ್ಟರು.

"ತಮ್ಮಾ, ಇದರ ಮ್ಯಾಲೆ ಜಸ್ತ ಬಳದಾರ. ಇದನ್ನ ವೆಲ್ಡಿಂಗ್ ಮಾಡಿದ್ರ ರಾತ್ರಿ ನಮಗ ಚಳಿಜ್ವರ ಬರತದ. ನೀ ಇದರ ಮ್ಯಾಲೆ ಮಾಂಸ ಇಟ್ಟು ತಿಂತೀಯೇನು?"

ಅವರು ಹೇಳಿದ್ದು ನಿಜ. ಸತುವಿನ ಲೇಪನ ಜೋರಾಗಿ ಕಾದರೆ ಬರುವ ಹೊಗೆ ವೆಲ್ಡರ್‌ಗಳಿಗೆ ಜ್ವರ ತರಿಸುತ್ತದೆ. ಸ್ಮೋಕರ್ ಮಾಡಿಸುವವರು ಇದೊಂದನ್ನು ಮರೆಯಬಾರದು. ಬ್ಯಾರಲ್, ಜಾಳಿಗೆ, ಇದ್ದಿಲ ಬುಟ್ಟಿ, ಯಾವುದರಲ್ಲೂ ಜಿ.ಐ. ಬೇಡ. ಸಾದಾ ಕಬ್ಬಿಣ ಅಥವಾ ಸ್ಟೀಲ್ ಸಾಕು. ಎಣ್ಣೆ, ಕೆಮಿಕಲ್ ತುಂಬಿದ ಹಳೆಯ ಬ್ಯಾರಲ್ ಸಹ ಬೇಡ. ತಿನ್ನುವ ಪದಾರ್ಥ ತುಂಬಿದ್ದನ್ನೇ ಹುಡುಕಿ ತನ್ನಿ. ಒಳಗೆ ದೊಡ್ಡ ಬೆಂಕಿ ಹಾಕಿ ಬಣ್ಣವೆಲ್ಲ ಸುಟ್ಟು ಹೋಗುವ ತನಕ ಕಾಯಿಸಿ, ಕೆರೆದು ತೊಳೆದು, ಅಡುಗೆ ಎಣ್ಣೆ ಸವರಿ ಇನ್ನೊಮ್ಮೆ ಕಾಯಿಸಿ. ದೋಸೆ ಕಾವಲಿ ಪಳಗಿಸಿದ ಹಾಗೆಯೇ.

ಅಡ್ಡ ಬ್ಯಾರಲ್‌ನಲ್ಲಿ ಮೊದಲ ದಿನವೇ ಒಂದು ವಿಷಯ ಗೊತ್ತಾಯಿತು. ಬೆಂಕಿ ಪೆಟ್ಟಿಗೆಯ ಕಡೆ 160 ಡಿಗ್ರಿ ಸೆಲ್ಸಿಯಸ್, ಚಿಮಣಿ ಕಡೆ 95. ನನಗೆ ಬೇಕಿದ್ದದ್ದು 110ರಿಂದ 120. ಒಂದು ತುದಿಯ ಕೋಳಿ ಸುಟ್ಟು ಕಪ್ಪಾಯಿತು, ಇನ್ನೊಂದು ತುದಿಯದ್ದು ಹಸಿಯಾಗಿ ಉಳಿಯಿತು. ಬ್ಯಾರಲ್‌ನ ತಗಡು ಬಹಳ ತೆಳು, ಒಂದು ಮಿಲಿಮೀಟರ್ ಆಸುಪಾಸು. ಒಳ್ಳೆಯ ಅಡ್ಡ ಸ್ಮೋಕರ್‌ಗಳಲ್ಲಿ ಆರು ಮಿ.ಮೀ. ದಪ್ಪದ ಪ್ಲೇಟ್ ಇರುತ್ತದೆ. ದಪ್ಪ ಕಬ್ಬಿಣ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ, ತೆಳು ತಗಡು ಗಾಳಿ ಬೀಸಿದ ಕೂಡಲೇ ತಣ್ಣಗಾಗುತ್ತದೆ. ಸಂಜೆ ಸಮುದ್ರದ ಗಾಳಿ ಶುರುವಾದರೆ ನನ್ನ ಥರ್ಮಾಮೀಟರ್‌ನ ಮುಳ್ಳು ಹತ್ತು ನಿಮಿಷದಲ್ಲಿ ಇಪ್ಪತ್ತು ಡಿಗ್ರಿ ಇಳಿಯುತ್ತಿತ್ತು.

ಎಲ್ಲಿ ಎಷ್ಟು ಬಿಸಿ ಎಂದು ನೋಡಲು ನಾನು ಪಾವ್ ಬಳಸಿದೆ. ಬೆಳಗ್ಗೆ ಸೈಕಲ್ ಮೇಲೆ ಪಾವ್ ಮಾರುತ್ತಾ ಬರುವ ಪೊದೇರ್ ಹತ್ತಿರ ಒಂದು ಡಜನ್ ತೆಗೆದುಕೊಂಡು, ಹೋಳು ಮಾಡಿ, ಜಾಳಿಗೆಯ ತುಂಬ ಸಾಲಾಗಿ ಇಟ್ಟೆ. ಅರ್ಧ ಗಂಟೆ ಬಿಟ್ಟು ಮುಚ್ಚಳ ತೆಗೆದರೆ ಬ್ಯಾರಲ್‌ನ ನಕ್ಷೆಯೇ ಅಲ್ಲಿತ್ತು. ಥರ್ಮಾಮೀಟರ್ ಒಂದು ಜಾಗದ ಲೆಕ್ಕ ಹೇಳುತ್ತದೆ, ಪಾವ್ ಇಡೀ ಬ್ಯಾರಲ್‌ನ ಲೆಕ್ಕ ಹೇಳುತ್ತದೆ. ಅದನ್ನು ನೋಡಿಕೊಂಡು ಕಾಕಾ ಮೂರು ಬದಲಾವಣೆ ಮಾಡಿದರು. ಬೆಂಕಿ ಪೆಟ್ಟಿಗೆಯ ಬಾಯಿಯಿಂದ ಅರ್ಧದಷ್ಟು ದೂರದವರೆಗೆ ಜಾಳಿಗೆಯ ಕೆಳಗೆ ಒಂದು ದಪ್ಪ ತಗಡು. ಚಿಮಣಿಯ ಒಳತುದಿ ಜಾಳಿಗೆಯ ಮಟ್ಟಕ್ಕೆ ಇಳಿಯುವಂತೆ ಒಂದು ಪೈಪ್ ತುಂಡು. ತಳದಲ್ಲಿ ಶಾಖ ತಡೆಯುವ ಆರು ಬೆಂಕಿ ಇಟ್ಟಿಗೆ. ಆಮೇಲೆ ಎರಡು ತುದಿಗಳ ಬಿಸಿ 130 ಮತ್ತು 110ಕ್ಕೆ ಬಂತು. ಅದಕ್ಕಿಂತ ಹತ್ತಿರ ತರಲು ನನ್ನಿಂದ ಆಗಲಿಲ್ಲ. ಈಗ ದಪ್ಪ ತುಂಡು ಬೆಂಕಿಯ ಕಡೆ, ಸಣ್ಣದ್ದು ಚಿಮಣಿ ಕಡೆ ಇಡುತ್ತೇನೆ.

ಇನ್ನು ಬೆಂಕಿ. ಇದರ ಬಗ್ಗೆ ನಾನು ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲೆ. ಅಡ್ಡ ಸ್ಮೋಕರ್‌ನಲ್ಲಿ ಉರಿಯುವುದು ಕಟ್ಟಿಗೆ. ಇದ್ದಿಲು ಬರೀ ಶುರು ಮಾಡಲು. 35–40 ನಿಮಿಷಕ್ಕೊಂದು ಸೀಳು ಹಾಕಬೇಕು, ಮಣಿಕಟ್ಟಿಗಿಂತ ಸ್ವಲ್ಪ ದಪ್ಪದ್ದು. ಹಾಕುವ ಮೊದಲು ಆ ಸೀಳನ್ನು ಪೆಟ್ಟಿಗೆಯ ಮೇಲೆ ಇಟ್ಟು ಬಿಸಿ ಮಾಡಿಕೊಂಡರೆ ಒಳಗೆ ಹೋದ ಕೂಡಲೇ ಹೊತ್ತಿಕೊಳ್ಳುತ್ತದೆ. ತಣ್ಣಗಿನ ಸೀಳು ಸುಮ್ನೆ ಹೊಗೆಯಾಡುತ್ತದೆ. ಆ ಬಿಳಿ ದಟ್ಟ ಹೊಗೆ ಮಾಂಸಕ್ಕೆ ಒಳ್ಳೆಯದಲ್ಲ, ಕಹಿ ಮೆತ್ತಿಕೊಳ್ಳುತ್ತದೆ, ನಾಲಿಗೆ ಜುಮ್ಮೆನ್ನುತ್ತದೆ. ಹೊಗೆ ಜಾಸ್ತಿ ಬಂದರೆ ರುಚಿ ಜಾಸ್ತಿ ಎಂದು ನಾನೂ ಅಂದುಕೊಂಡಿದ್ದೆ. ಚಿಮಣಿಯಿಂದ ಬರುವ ಹೊಗೆ ಕಣ್ಣಿಗೆ ಕಾಣುವುದೋ ಇಲ್ಲವೋ ಎನ್ನುವಷ್ಟು ತೆಳುವಾಗಿ, ತುಸು ನೀಲಿಯಾಗಿ ಇರಬೇಕು. ಅದಕ್ಕೆ ಸಣ್ಣ ಬೆಂಕಿ, ಚೆನ್ನಾಗಿ ಗಾಳಿ, ಒಣ ಕಟ್ಟಿಗೆ ಬೇಕು. ಚಿಮಣಿಯನ್ನು ನಾನು ಯಾವತ್ತೂ ಮುಚ್ಚುವುದಿಲ್ಲ. ಬಿಸಿ ಜಾಸ್ತಿಯಾದರೆ ಕಟ್ಟಿಗೆ ಕಡಿಮೆ ಮಾಡುತ್ತೇನೆ, ಅಷ್ಟೆ.

ನನ್ನ ಕಟ್ಟಿಗೆ ಮಾವು. ಸಾಮಿಲ್‌ನಲ್ಲಿ ಸಿಗುತ್ತದೆ. ಸೀಳಿ, ಮಳೆ ಬೀಳದ ಕಡೆ ಆರು ತಿಂಗಳು ಒಣಗಿಸುತ್ತೇನೆ. ಪೇರಲ, ಚಿಕ್ಕು ಸಿಕ್ಕರೆ ಇನ್ನೂ ಸಂತೋಷ. ಗೋವಾದಲ್ಲಿ ಗೇರುಬೀಜದ ಸಿಪ್ಪೆ ಧಾರಾಳ, ಅದನ್ನು ಮಾತ್ರ ಹತ್ತಿರ ತರಬೇಡಿ. ಅದರ ಎಣ್ಣೆ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ, ಅದರ ಹೊಗೆ ಊಟದ ಹತ್ತಿರ ಸುಳಿಯಬಾರದು.

ಹೀಗೆ ಏಳೆಂಟು ತಿಂಗಳು ಕಳೆಯಿತು. ಆಮೇಲೆ ಜೂನ್ ಬಂತು. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಒಣಗಿದ ಕಟ್ಟಿಗೆ ಗಾಳಿಯಿಂದಲೇ ತೇವ ಹೀರಿಕೊಂಡಿತು. ಉದ್ದನೆಯ ಬ್ಯಾರಲ್ ನಮ್ಮ ತಗಡಿನ ಮಾಡಿನ ಕೆಳಗೆ ಹಿಡಿಸಲಿಲ್ಲ. ಮೇಲೆ ಹನಿ ಬಿದ್ದರೆ ಬಿಸಿ ಇಳಿಯುತ್ತದೆ. ಹೆಂಡತಿ ಒಂದು ಸಂಜೆ ಕೊಡೆ ಹಿಡಿದು ನಿಂತು, "ರೀ, ಇದಕ್ಕಿಂತ ನಿಮ್ಮ ಅಜ್ಜಿಮನೆಯ ಉಪ್ಪಾಗೆ ಅಟ್ಟವೇ ವಾಸಿ ಅಲ್ವಾ?" ಅಂದಳು.

ಅವಳು ಹೇಳಿದ ಅಟ್ಟ ಹೊನ್ನಾವರದ ಘಟ್ಟದ ಬುಡದ ಮನೆಯದ್ದು. ಉಪ್ಪಾಗೆ ಘಟ್ಟದ ಕಾಡಿನ ಹುಳಿಹಣ್ಣು, ಹಣ್ಣಾಗುವುದು ಮಳೆಗಾಲದಲ್ಲೇ. ಬಿಸಿಲಿಲ್ಲದ ಕಾರಣ ಅದರ ಸಿಪ್ಪೆಯನ್ನು ಕೆಳಗೆ ಬೆಂಕಿ ಹಾಕಿ, ಮೇಲೆ ಹರಡಿ ಒಣಗಿಸುತ್ತಿದ್ದರು. ಹೊರಗೆ ಎಷ್ಟೇ ಮಳೆ ಹೊಯ್ದರೂ ಒಳಗೆ ಶಾಖ ನೇರ ಮೇಲಕ್ಕೆ ಹೋಗುತ್ತಿತ್ತು. ನಿಂತ ಸ್ಮೋಕರ್ ಅಂದರೆ ಅದೇ. ಕೆಳಗೆ ಇದ್ದಿಲು, ನಡುವೆ ನೀರಿನ ಬೋಗುಣಿ, ಮೇಲೆ ಮಾಂಸ, ತಲೆಯ ಮೇಲೆ ಮುಚ್ಚಳ. ಅಮೆರಿಕದ ವೆಬರ್ ಕಂಪನಿ 1981ರಿಂದ ಮಾಡುತ್ತಿರುವ ಸ್ಮೋಕಿ ಮೌಂಟನ್ ಇದೇ ಜಾತಿಯದ್ದು.

ಎರಡನೇ ಬ್ಯಾರಲ್ ಮಾಡಲು ಕಾಕಾಗೆ ಒಂದೇ ದಿನ ಸಾಕಾಯಿತು. ತಳದ ಹತ್ತಿರ ಮೂರು ತೂತು, ಪ್ರತಿಯೊಂದಕ್ಕೂ ಪ್ಲಂಬಿಂಗ್ ಅಂಗಡಿಯ ಮುಕ್ಕಾಲು ಇಂಚಿನ ಬಾಲ್ ವಾಲ್ವ್. ಇದ್ದಿಲಿಗೆ ಕಬ್ಬಿಣದ ಬುಟ್ಟಿ. ಬುಟ್ಟಿಯಿಂದ ಸುಮಾರು 60 ಸೆಂ.ಮೀ. ಮೇಲೆ ಜಾಳಿಗೆ. ಮುಚ್ಚಳದಲ್ಲಿ ಎಂಟು ತೂತು. ಇದರ ಕೆಲಸವೆಲ್ಲ ಗಾಳಿಯ ಮೇಲೆ ನಿಂತಿದೆ. ಬುಟ್ಟಿ ತುಂಬ ಹೊತ್ತಿಸದ ಇದ್ದಿಲು ಹಾಕಿ, ನಡುವೆ ಗುಂಡಿ ಮಾಡಿ, ಹದಿನೈದು ಕೆಂಡ ಇಡುತ್ತೇನೆ. ಬೆಂಕಿ ನಿಧಾನವಾಗಿ ಸುತ್ತಲೂ ಹರಡುತ್ತದೆ. ಜಿಮ್ ಮಿನಿಯನ್ ಎಂಬವರ ಹೆಸರಿನಿಂದ ಇದನ್ನು ಮಿನಿಯನ್ ವಿಧಾನ ಎನ್ನುತ್ತಾರೆ. ಮೊದಲ ಒಂದು ಗಂಟೆ ವಾಲ್ವ್‌ಗಳ ಹತ್ತಿರ ಕೂರಬೇಕು. 90 ದಾಟುವಾಗಲೇ ಎರಡು ವಾಲ್ವ್ ಮುಚ್ಚಿ, ಮೂರನೆಯದನ್ನು ಅರ್ಧ ಬಿಡಬೇಕು. 120 ದಾಟಿದ ಮೇಲೆ ಇಳಿಸುವುದು ಬಹಳ ಕಷ್ಟ. ಹದಕ್ಕೆ ಬಂದ ಮೇಲೆ ಮೂರು ಗಂಟೆ ಅದರ ಕಡೆ ನೋಡದಿದ್ದರೂ ನಡೆಯುತ್ತದೆ.

ಮುಚ್ಚಳ ಮಾತ್ರ ತೆಗೆಯಬಾರದು. ಒಂದು ಸಲ ಮಸಾಲೆ ಸವರಲು ತೆಗೆದು, ಫೋನ್ ಬಂತೆಂದು ಹಾಗೇ ಬಿಟ್ಟೆ. ಗಾಳಿ ಸಿಕ್ಕಿದ ಇದ್ದಿಲೆಲ್ಲ ಒಟ್ಟಿಗೆ ಹೊತ್ತಿತು, ಕೋಳಿಯ ಕೊಬ್ಬು ಕೆಂಡದ ಮೇಲೆ ಸುರಿದು ಜ್ವಾಲೆ ಎದ್ದಿತು. ಮುಚ್ಚಿದಾಗ 180 ತೋರಿಸುತ್ತಿತ್ತು. ಮತ್ತೆ 120ಕ್ಕೆ ಬರಲು ಒಂದು ಗಂಟೆ ಬೇಕಾಯಿತು, ಅಷ್ಟರಲ್ಲಿ ಕೋಳಿಯ ಚರ್ಮ ಇದ್ದಿಲಾಗಿತ್ತು. ಅಡ್ಡ ಬ್ಯಾರಲ್‌ನಲ್ಲಿ ಈ ಭಯವಿಲ್ಲ, ಬೆಂಕಿ ಬೇರೆ ಕೋಣೆಯಲ್ಲಿ ಇರುತ್ತದೆ. ಬೇಕೆಂದಾಗ ತೆಗೆದು ನೋಡಬಹುದು, ಮಾಂಸ ತಿರುಗಿಸಬಹುದು.

ಕಳೆದ ಚಳಿಗಾಲದಲ್ಲಿ ಒಂದೇ ದಿನ ಎರಡನ್ನೂ ಹಚ್ಚಿದೆ. ಮಡಗಾಂವ್ ಮಾರ್ಕೆಟ್‌ನಿಂದ ಹಂದಿಯ ಭುಜದ ಎರಡು ತುಂಡು ತಂದೆ, ಒಂದೊಂದೂ ಎರಡೂವರೆ ಕಿಲೋ. ಉಪ್ಪು, ಕರಿಮೆಣಸು, ತುಸು ಬ್ಯಾಡಗಿ ಪುಡಿ, ಮೇಲೆ ಕಳ್ಳಿನ ವಿನೆಗರ್. ಬೆಳಗ್ಗೆ ಆರಕ್ಕೆ ಶುರು. ಎರಡೂ ತುಂಡುಗಳು ಒಳಗೆ 68 ಡಿಗ್ರಿಗೆ ಬಂದು ನಿಂತುಬಿಟ್ಟವು. ಮಾಂಸದ ಮೇಲ್ಮೈಯಿಂದ ನೀರು ಆವಿಯಾಗುತ್ತಾ ಅದನ್ನು ತಣ್ಣಗಿಡುತ್ತದೆ, ಬೆವರು ನಮ್ಮನ್ನು ತಣ್ಣಗಿಡುವ ಹಾಗೆ. ಗಾಬರಿಯಾಗಿ ಬೆಂಕಿ ಹೆಚ್ಚಿಸಬಾರದು. ನಾನು ಬಾಡಿಸಿದ ಬಾಳೆಎಲೆಯಲ್ಲಿ ಸುತ್ತಿ, ಮೇಲೆ ಫಾಯಿಲ್ ಸುತ್ತಿ ಮತ್ತೆ ಇಟ್ಟೆ. 94ಕ್ಕೆ ಬಂದಾಗ ಮೂಳೆ ಕೈಯಲ್ಲಿ ಎಳೆದರೆ ಬರುತ್ತಿತ್ತು.

ನಿಂತದ್ದು ಏಳು ಗಂಟೆ ತೆಗೆದುಕೊಂಡಿತು. ನಾಲ್ಕೂವರೆ ಕಿಲೋ ಇದ್ದಿಲು, ಮಾವಿನ ನಾಲ್ಕು ತುಂಡು. ಮಲಗಿದ್ದು ಎಂಟೂಮುಕ್ಕಾಲು ಗಂಟೆ, 16 ಕಿಲೋ ಕಟ್ಟಿಗೆ, ಹದಿಮೂರು ಸಲ ನಾನು ಎದ್ದು ಸೀಳು ಹಾಕಿದೆ. ಕತ್ತರಿಸಿದಾಗ ಎರಡರಲ್ಲೂ ಅಂಚಿಗೆ ಗುಲಾಬಿ ಬಣ್ಣದ ಪಟ್ಟಿ ಇತ್ತು. ಅಕ್ಕ ಅದನ್ನು ನೋಡಿ, "ಇದು ಬೆಂದಿಲ್ವೋ ತಮ್ಮ" ಅಂದಳು. ಬೆಂದಿದೆ, ಅದು ಹೊಗೆಯಲ್ಲಿರುವ ಅನಿಲ ಮಾಂಸದ ಬಣ್ಣವನ್ನು ಹಿಡಿದಿಟ್ಟಿದ್ದು ಎಂದು ಹೇಳಿ ಅವಳಿಗೆ ಥರ್ಮಾಮೀಟರ್ ತೋರಿಸಬೇಕಾಯಿತು.

ರುಚಿಯಲ್ಲಿ ವ್ಯತ್ಯಾಸ ಇತ್ತು. ನಿಂತದ್ದರ ಮಾಂಸ ಹೆಚ್ಚು ರಸವಾಗಿತ್ತು. ಮಲಗಿದ್ದರ ಮಾಂಸದ ಹೊರಪದರ ಗಟ್ಟಿ, ಕಪ್ಪು, ಕಡಿದರೆ ಮಾವಿನ ಕಟ್ಟಿಗೆಯ ಸಿಹಿ ಹೊಗೆ ಬಹಳ ಹೊತ್ತು ಬಾಯಲ್ಲಿ ಉಳಿಯುತ್ತಿತ್ತು. ಅಕ್ಕನಿಗೆ, ಹೆಂಡತಿಗೆ ನಿಂತದ್ದರದ್ದು ಹಿಡಿಸಿತು. ಕಾಕಾ ಹಂದಿ ತಿನ್ನುವುದಿಲ್ಲ, ಅವರಿಗೆಂದು ಎರಡರಲ್ಲೂ ಕೋಳಿ ಇಟ್ಟಿದ್ದೆ. ಅವರು ಮಲಗಿದ್ದರ ಕೋಳಿಯನ್ನೇ ಎರಡನೇ ಸಲ ಕೇಳಿದರು. ನನ್ನ ಮನಸ್ಸೂ ಆ ಕಡೆಯೇ.

ಆದರೂ ವಾರದ ಅಡುಗೆಗೆ ನಾನು ಹಚ್ಚುವುದು ನಿಂತದ್ದನ್ನು. ಬಂಗುಡೆಗೆ ಅದಕ್ಕೆ ಸರಿಸಾಟಿ ಇಲ್ಲ. ಉಪ್ಪು ನೀರಲ್ಲಿ ಒಂದು ಗಂಟೆ ನೆನೆಸಿ, ಚರ್ಮ ಒಣಗುವ ತನಕ ಫ್ಯಾನ್ ಕೆಳಗಿಟ್ಟು, ಸ್ಟೀಲ್ ಕೊಕ್ಕೆಗೆ ತಲೆಯಿಂದ ಸಿಕ್ಕಿಸಿ ಸಾಲಾಗಿ ತೂಗುಹಾಕುತ್ತೇನೆ. 90 ಡಿಗ್ರಿಯಲ್ಲಿ ಒಂದೂವರೆ ಗಂಟೆಗೆ ಚಿನ್ನದ ಬಣ್ಣ ಬರುತ್ತದೆ. ಅಡ್ಡ ಬ್ಯಾರಲ್‌ನಲ್ಲಿ ಮೀನು ತೂಗುಹಾಕಲು ಎತ್ತರವೇ ಇಲ್ಲ, ಜಾಳಿಗೆಯ ಮೇಲೆ ಮಲಗಿಸಿದರೆ ಚರ್ಮ ಅಂಟಿ ಹರಿಯುತ್ತದೆ.

ಮನೆಯಲ್ಲಿ ನಾಲ್ಕೈದು ಜನ, ಜಾಗ ಚಿಕ್ಕದು, ಮಳೆಗಾಲದಲ್ಲೂ ಬೇಕು ಅನ್ನುವವರು ನಿಂತದ್ದನ್ನು ಮಾಡಿಸಿ. ಇಪ್ಪತ್ತು ಜನರಿಗೆ ಬಡಿಸುವವರು, ಇಡೀ ದಿನ ಬೆಂಕಿಯ ಹತ್ತಿರ ಕೂರಲು ಮನಸ್ಸಿರುವವರು ಅಡ್ಡದ್ದನ್ನು ಮಾಡಿಸಿ. ಆದರೆ ಬ್ಯಾರಲ್‌ದು ಬೇಡ, ಮೂರು ವರ್ಷ ದುಡ್ಡು ಕೂಡಿಟ್ಟಾದರೂ ದಪ್ಪ ಪ್ಲೇಟ್‌ದು ಮಾಡಿಸಿ. ನನ್ನದರ ಬೆಂಕಿ ಪೆಟ್ಟಿಗೆಯ ಬದಿ ಉಪ್ಪು ಗಾಳಿಗೆ ತುಕ್ಕು ಹಿಡಿದು ಆಗಲೇ ತೂತಾಗಿದೆ.

ಮೊನ್ನೆ ಕಾಕಾ ಬಂದು ಅದರ ಅಳತೆ ತೆಗೆದುಕೊಂಡು ಹೋದರು. ಈ ಸಲ ಆರು ಮಿ.ಮೀ. ಪ್ಲೇಟ್ ಹಾಕುತ್ತಾರಂತೆ. ಕ್ರಿಸ್‌ಮಸ್‌ಗೆ ಅಕ್ಕಪಕ್ಕದವರು, ಊರಿನವರು ಸೇರಿ ಇಪ್ಪತ್ತೈದು ಜನ ಆಗುತ್ತಾರೆ. ಮಾವಿನ ಸೀಳುಗಳನ್ನು ನಾನು ಈಗಲೇ ಮಾಡಿನ ಕೆಳಗೆ ಪೇರಿಸಿಟ್ಟಿದ್ದೇನೆ.